ಬಟ್ಟೆಯ ಚೀಲದೊಳಗಣ ಕೂಸು

ಆಸ್ಟ್ರೇಲಿಯಾ ಖಂಡದ ನಟ್ಟನಡುವೆ, ಕೆಮ್ಮಣ್ಣಿನ ಬಯಲಿನಲ್ಲಿ, ಆಲಿಸ್ ಸ್ಪ್ರಿಂಗ್ಸ್ ಎಂಬ ಪಟ್ಟಣವಿದೆ. ತಬ್ಬಲಿ ಕಾಂಗರೂ ಮರಿಗಳ ರಕ್ಷಣೆಗೆಂದು ಕ್ರಿಸ್ ಬಾರ್ನ್ಸ್ ಎಂಬವರು 2005ರಲ್ಲಿ ಅಲ್ಲಿ ಒಂದು ಕೇಂದ್ರವನ್ನು ತೆರೆದರು. ಅದೇ ಬೆಳೆದು ಕಾಂಗರೂಗಳ ಅಭಯಧಾಮವಾಗಿದೆ. ನಾವು ಅದನ್ನು ಸೇರಿದಾಗ ಸಂಜೆಯಾಗಿತ್ತು.

ಈ ಮರಿಗಳು ತಬ್ಬಲಿಗಳಾಗುವುದು ಹೆಚ್ಚಾಗಿ ಹೆದ್ದಾರಿಯಲ್ಲಿ. ವಾಹನಕ್ಕೆ ಸಿಕ್ಕಿ ತಾಯಿ ಸತ್ತರೂ ಅದರ ಹೊಟ್ಟೆಯ ಚೀಲದಲ್ಲಿ ಮರಿ ಬದುಕಿರುವುದುಂಟು. ದಾರಿಹೋಕರು ಒಂದಿಷ್ಟು ನಿಂತು ಆ ಚೀಲವನ್ನು ನೋಡಬೇಕೆಂಬುದೇ ಇಲ್ಲಿಯವರ ಪ್ರಾರ್ಥನೆ.

ಕೆಂಪು ಕಾಂಗರೂವಿನ ಮರಿ ಗರ್ಭದಲ್ಲಿರುವುದು ಸುಮಾರು 33 ದಿನ ಮಾತ್ರ. ಹುಟ್ಟಿದಾಗ ಅದರ ತೂಕ ಒಂದು ಗ್ರಾಮಿನಷ್ಟು. ಮುಂದೆ ಸುಮಾರು 8 ತಿಂಗಳು ಚೀಲವೇ ಅದರ ಲೋಕ. ಆದಕಾರಣ ಸಾಕುವವರು ಮೆತ್ತನೆಯ ಬಟ್ಟೆಯ ಚೀಲದಲ್ಲಿ ಮರಿಯನ್ನು ಬೆಚ್ಚಗಿಡುತ್ತಾರೆ. ಚೀಲದ ಬಾಯನ್ನು ಅಗಲಿಸಿ ಹಿಡಿದರೆ ಸಾಕು, ಮರಿ ತಲೆಕೆಳಗಾಗಿ ಅದರೊಳಗೆ ಧುಮುಕಿ ಮುದುಡಿಕೊಳ್ಳುತ್ತದೆ! ಹಸುವಿನ ಹಾಲು ಅದಕ್ಕೆ ಒಗ್ಗದು. ಅದರ ಸಕ್ಕರೆಯಂಶ ಅರಗದೆ ಭೇದಿಯಾಗುತ್ತದೆ. ಬೇರೆಯಾಗಿ ಸಿದ್ಧಪಡಿಸಿದ ಹಾಲನ್ನು ರಾತ್ರಿಯೂ ಎದ್ದು ಸೀಸೆಯಿಂದ ಕುಡಿಸಬೇಕು. ಎಳೆಯ ಮರಿಯನ್ನು ಒದ್ದೆ ಬಟ್ಟೆಯಿಂದ ಒರಸಿ ಮಲಮೂತ್ರ ಮಾಡಿಸಬೇಕು. ಹೆತ್ತ ತಾಯಿಯ ಆರೈಕೆಗೂ ಇದೇನೂ ಕಡಮೆಯಲ್ಲ.

ಆದರೆ ವಾಚಕರೇ, ಸಾಕಿದ ಕೂಸು ತಮ್ಮಲ್ಲೇ ಉಳಿಯಲೆಂದು ಇವರು ಹಾರೈಸುವುದಿಲ್ಲ. ಬಲಿತ ಮರಿ ತನ್ನ ಜಾತಿಯ ಹಿಂಡನ್ನು ಕೂಡಿ ಬಯಲಿಗೆ ಹೋಗಬೇಕು. ಅದಕ್ಕಾಗಿ ಅದನ್ನು ಒಂಟಿಯಾಗಿ ಬೆಳೆಸದೆ ಬೇರೆ ಮರಿಗಳೊಡನೆ ಬಿಡುತ್ತಾರೆ. ಕಾಡಿನಲ್ಲಿ ಬಾಳಲಾರದವಕ್ಕೆ ಮಾತ್ರ ಅಭಯಧಾಮವೇ ಮನೆ. ಉಳಿದವನ್ನು ಬೀಳ್ಕೊಡುವ ದಿನ ಸಾಕಿದವರಿಗೆ ಅಗಲಿಕೆಯ ನೋವು ಇಲ್ಲದಿಲ್ಲ. ಆದರೂ ಅಕ್ಕರೆಯಿಂದ ಸಾಕಿ, ಮರಿ ತಮ್ಮನ್ನು ಮರೆತು ಬದುಕಲೆಂದು ಬಯಸುವ ಈ ಜನರನ್ನು ಕಂಡು ನಮ್ಮ ಮನಸ್ಸು ತುಂಬಿತು. ಹೋದ ಮರಿಯ ಚೀಲವನ್ನು ಒಗೆದು ಒಣಗಿಸಿ, ಮುಂದೆ ಬರುವ ತಬ್ಬಲಿಗಾಗಿ ಎತ್ತಿಡುತ್ತಾರೆ.