ಸ್ವಲ್ಪ ಮೆಲ್ಲಗೆ ಯಜಮಾನ್ರೇ

ಚಿಕ್ಕಪ್ಪ ಕರ್ಣನ ಪಾರ್ಟು ಹಿಡಿದಿದ್ದಾನೆಂದು ಗೊತ್ತಾದಾಗ ಮನೆಯಲ್ಲಿ ಮೊದಲು ಆದದ್ದು ಜಗಳ. ತುಮಕೂರು ಕಡೆಯ ಹಳ್ಳಿ ನಾಟಕಗಳಲ್ಲಿ ಪಾರ್ಟು ಮಾಡುವವನಿಗೆ ಯಾರೂ ಸಂಬಳ ಕೊಡುವುದಿಲ್ಲ, ಅವನೇ ದುಡ್ಡು ಹಾಕಬೇಕು. ಹಾರ್ಮೋನಿಯಂ ಮೇಷ್ಟ್ರು, ಸೀನರಿ, ಮೈಕು, ದ್ರೌಪದಿ ಕುಂತಿಯರಾಗಿ ಬರುವ ವೃತ್ತಿ ಕಲಾವಿದೆಯರು, ಎಲ್ಲರ ಖರ್ಚೂ ಅದರಲ್ಲೇ ಹುಟ್ಟಬೇಕು. ದೊಡ್ಡ ಪಾರ್ಟಿಗೆ ದೊಡ್ಡ ಮೊತ್ತ. ಒಬ್ಬನ ಕೈಲಾಗದಿದ್ದರೆ ಒಂದನೇ ಕೃಷ್ಣ, ಎರಡನೇ ಕೃಷ್ಣ ಅಂತ ಹಂಚಿಕೊಳ್ಳುತ್ತಾರೆ. "ಆ ದುಡ್ನಾಗೆ ಒಂದು ಹಸ ಬರ್ತಿತ್ತು" ಅಂದಳು ಚಿಕ್ಕಮ್ಮ. ಚಿಕ್ಕಪ್ಪ ಎದುರು ಮಾತಾಡಲಿಲ್ಲ. ನಾಲ್ಕು ತಿಂಗಳು ಸಂಜೆಯಾದರೆ ಪ್ರಾಕ್ಟೀಸಿಗೆ ಹೋದ.

ಮರಳೂರಿನ ಬಯಲಲ್ಲಿ 'ಕುರುಕ್ಷೇತ್ರ'. ಕರಪತ್ರದಲ್ಲಿ ರಾತ್ರಿ ಎಂಟೂವರೆ ಅಂತಿತ್ತು. ಗಣ್ಯರ ಸನ್ಮಾನ ಮುಗಿದು ಪರದೆ ಎದ್ದಾಗ ಹತ್ತೂವರೆ. ನನಗೆ ಆಗಲೇ ಸಿಟ್ಟು. ಪಿಎಚ್.ಡಿ.ಗೆಂದು ಬೆಂಗಳೂರು ಸೇರಿದ ಮೇಲೆ ನಾನು ನಾಟಕ ನೋಡುವುದನ್ನು ಕಲಿತದ್ದು ಜೆ.ಪಿ. ನಗರದ ರಂಗಶಂಕರದಲ್ಲಿ. ಅಲ್ಲಿ ನಾಟಕ ಶುರುವಾದ ಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ. ಒಮ್ಮೆ ಟ್ರಾಫಿಕ್ಕಿನಲ್ಲಿ ಸಿಕ್ಕಿ ಎರಡು ನಿಮಿಷ ತಡವಾಗಿ, ಟಿಕೆಟ್ ಕೈಯಲ್ಲಿ ಹಿಡಿದು ವಾಪಸು ಬಂದಿದ್ದೇನೆ. ಬೇಜಾರಾದರೂ ಒಳಗೊಳಗೇ ಆ ಶಿಸ್ತಿನ ಬಗ್ಗೆ ಹೆಮ್ಮೆಪಟ್ಟಿದ್ದೆ.

ಇಲ್ಲಿ ಶಾಮಿಯಾನದ ಕುರ್ಚಿಗಳ ಮುಂದೆ ಚಾಪೆ ಹಾಸಿಕೊಂಡು ಮಕ್ಕಳು ಮಲಗಿದ್ದವು. ಕಡಲೆಕಾಯಿ ಸಿಪ್ಪೆ ಸಿಡಿಯುತ್ತಿತ್ತು. ಚೆನ್ನಾಗಿ ಹಾಡಿದವರಿಗೆ ನೋಟಿನ ಹಾರ, ಹಾಕಿದವರ ಹೆಸರು ಮೈಕಿನಲ್ಲಿ. ಅಭಿಮನ್ಯು ಸತ್ತು ಬಿದ್ದಿದ್ದಾಗ ಅವನ ಮಾವನ ಕಡೆಯವರು ಹಾರ ತಂದರು. ಸತ್ತವನು ಎದ್ದು ಕೂತು ಹಾಕಿಸಿಕೊಂಡು, ಕೈಮುಗಿದು, ಮತ್ತೆ ಸತ್ತ. ಇದೊಂದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅದಕ್ಕೂ ಹೆಚ್ಚು ಕಾಡಿದ್ದು ಪಕ್ಕದ ಕುರ್ಚಿಯವರು. ಎಪ್ಪತ್ತು ದಾಟಿದವರು, ತಲೆಗೆ ಟವೆಲು ಸುತ್ತಿ ಕಂಬಳಿ ಹೊದ್ದಿದ್ದರು. ಮೇಷ್ಟ್ರು ಶ್ರುತಿ ಹಿಡಿದರೆ ಸಾಕು, ಸ್ಟೇಜಿನ ಮೇಲಿನವನಿಗಿಂತ ಅರ್ಧ ಕ್ಷಣ ಮೊದಲೇ ಇವರ ಹಾಡು ಶುರು. ಭೀಮನದೂ ಇವರದೇ, ಶಕುನಿಯದೂ ಇವರದೇ. ಒಂದು ಗಂಟೆ ತಡೆದೆ. ಆಮೇಲೆ, "ಸ್ವಲ್ಪ ಮೆಲ್ಲಗೆ ಯಜಮಾನ್ರೇ, ನಾಟಕ ಕೇಳಿಸ್ತಿಲ್ಲ" ಅಂದೆ.

ಅವರು ನನ್ನನ್ನೊಮ್ಮೆ ನೋಡಿದರು. "ಆಯ್ತು ಕಣಪ್ಪ" ಅಂದು ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಎದ್ದು ಹೋದರು. ಕಾಲು ಚಾಚಿ ಕೂರಲು ಜಾಗವಾಯಿತು ಅನ್ನಿಸಿತು, ಅಷ್ಟೇ.

ಪ್ರೇಕ್ಷಕ ಬಾಯಿ ಮುಚ್ಚಿ ಕೂರಬೇಕೆಂಬುದು ಎಲ್ಲ ಕಡೆಯೂ ಈಚಿನ ಮಾತು. ಯುರೋಪಿನ ಆಪೆರಾ ಮನೆಗಳಲ್ಲೂ ಹಿಂದೆ ದೀಪ ಉರಿಯುತ್ತಲೇ ಇರುತ್ತಿತ್ತು, ಜನ ಹರಟುತ್ತಿದ್ದರು. 1876ರಲ್ಲಿ ವಾಗ್ನರ್ ಬೈರಾಯ್ತ್‌ನ ತನ್ನ ರಂಗಮಂದಿರದಲ್ಲಿ ಪ್ರೇಕ್ಷಕರನ್ನು ಕತ್ತಲಲ್ಲಿ ಕೂರಿಸಿದ. 1903ರಲ್ಲಿ ಮಿಲಾನಿನಲ್ಲಿ ಜನ ಒಂದು ಹಾಡಿಗೆ ಮತ್ತೊಮ್ಮೆ ಎಂದು ಹಟ ಹಿಡಿದಾಗ ಟೊಸ್ಕಾನಿನಿ ನಡುವೆಯೇ ಎದ್ದು ಹೊರಟುಹೋದ. ನಮ್ಮ ಕಂಪನಿ ನಾಟಕಗಳಲ್ಲಾಗಿದ್ದರೆ ಅದು ಮರ್ಯಾದೆ, 'ವನ್ಸ್ ಮೋರ್' ಬೀಳದ ಹಾಡುಗಾರನೇ ತಲೆ ತಗ್ಗಿಸಬೇಕು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ಇಲ್ಲಿಂದ ಸುಮಾರು 20 ಕಿಲೋಮೀಟರ್ ದೂರದ್ದು. ಆನೆ ಕುದುರೆಗಳನ್ನೇ ಸ್ಟೇಜಿಗೆ ತಂದು 'ಕುರುಕ್ಷೇತ್ರ' ಆಡಿದವರು ಅವರು. ಆ ಜನಕ್ಕೆ ಸುಮ್ಮನಿರಿ ಎಂದು ಯಾರು ಹೇಳಿಯಾರು? ಇದೆಲ್ಲ ನನಗೆ ಗೊತ್ತಿತ್ತು, ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೂ ಇದ್ದೆ. ಆ ರಾತ್ರಿ ಉಪಯೋಗಕ್ಕೆ ಬರಲಿಲ್ಲ.

ಮೂರೂವರೆಗೆ ಕುಂತಿ ಕರ್ಣನನ್ನು ಕಾಣಲು ಬಂದಳು. ನಾನು ಎದ್ದು ನಿಂತು ಫೋನ್ ಎತ್ತಿ ವಿಡಿಯೊ ಶುರು ಮಾಡಿದೆ. ಹಿಂದಿನಿಂದ ಒಬ್ಬ ಹೆಂಗಸು, "ಏಯ್, ಕುಂತ್ಕಳಪ್ಪ, ನಮ್ಗೂ ಕಾಣ್ಲಿ" ಅಂದಳು. ಕೂತೆ. ಕುಂತಿ ತನ್ನ ಹಾಡು ಮುಗಿಸಿ ಸೆರಗಲ್ಲಿ ಕಣ್ಣೊರೆಸಿಕೊಂಡಳು. ಈಗ ಚಿಕ್ಕಪ್ಪನ ಸರದಿ. ಮೇಷ್ಟ್ರು ಎತ್ತಿಕೊಟ್ಟರು. ಚಿಕ್ಕಪ್ಪ ಬಾಯಿ ತೆರೆದ, ದನಿ ಬರಲಿಲ್ಲ. ಮೇಷ್ಟ್ರು ಅದೇ ಸ್ವರ ಮತ್ತೊಮ್ಮೆ ನುಡಿಸಿದರು. ಸೈಡ್‌ವಿಂಗಿನಿಂದ ಯಾರೋ ಪಿಸುಗುಟ್ಟುತ್ತಿದ್ದದ್ದು ನನಗೇ ಕೇಳುತ್ತಿತ್ತು, ಅವನಿಗೆ ಕೇಳಲಿಲ್ಲ. ಕಿರೀಟದ ಕೆಳಗೆ ಬಣ್ಣ ಬೆವರಿಗೆ ಇಳಿಯುತ್ತಿತ್ತು. ಚಿಕ್ಕಮ್ಮ ನನ್ನ ಮೊಣಕೈ ಹಿಡಿದುಕೊಂಡಳು.

ಆಗ ನೋಡಿದೆ, ಪಕ್ಕದ ಕುರ್ಚಿ ಖಾಲಿ.

ಮೂರನೇ ಸಲ ಹಾರ್ಮೋನಿಯಂ ನುಡಿದಾಗ ಎಲ್ಲಕ್ಕೂ ಹಿಂದೆ, ಟೀ ಅಂಗಡಿಯ ಕಡೆಯಿಂದ, ಆ ದನಿ ಎದ್ದಿತು. ಒಡೆದ ದನಿ, ಶ್ರುತಿ ಮಾತ್ರ ಸರಿಯಾಗಿತ್ತು. ಮೊದಲ ಸಾಲು ಪೂರ್ತಿ ಹಾಡಿತು. ಮುಂದಿನ ಸಾಲುಗಳಲ್ಲಿ ಇನ್ನೂ ನಾಲ್ಕೈದು ಜನ ಸೇರಿಕೊಂಡರು. ಎರಡನೇ ಸಾಲಿಗೆ ಚಿಕ್ಕಪ್ಪನೂ ಬಂದ. ಅವನು ಪಲ್ಲವಿಗೆ ಮರಳುವ ಹೊತ್ತಿಗೆ ಬಯಲಿನವರೆಲ್ಲ ಸುಮ್ಮನಾಗಿ ಹಾಡನ್ನು ಅವನಿಗೇ ಬಿಟ್ಟಿದ್ದರು. ಯಾರೂ ನಗಲಿಲ್ಲ. ಮುಗಿದ ಕೂಡಲೇ 'ವನ್ಸ್ ಮೋರ್' ಬಿತ್ತು, ಮೊದಲು ಕೂಗಿದವಳು ನನ್ನನ್ನು ಕೂರಿಸಿದ ಹೆಂಗಸು. ಎರಡನೇ ಸಲ ಅವನು ಒಂದೂ ತಪ್ಪಿಲ್ಲದೆ ಹಾಡಿದ.

ಬೆಳಿಗ್ಗೆ ಆರೂವರೆಗೆ ಮಂಗಳಾರತಿಯಾಯಿತು. ನಾನು ಟೀ ಅಂಗಡಿಯ ಹತ್ತಿರ ಹೋಗಿ ಕಂಬಳಿಯವರನ್ನು ಹುಡುಕಿದೆ. "ಐದಕ್ಕೇ ಹೊಂಟೋದ್ರು, ಹಾಲು ಕರೀಬೇಕಂತೆ" ಅಂದ ಅಂಗಡಿಯವನು.

ಚಿಕ್ಕಪ್ಪ ಬಾಳೆಎಲೆಯ ಮೇಲೆ ಕೊಬ್ಬರಿ ಎಣ್ಣೆ ಸುರಿದುಕೊಂಡು ಮುಖದ ಬಣ್ಣ ತೆಗೆಯುತ್ತಿದ್ದ. ಕಣ್ಣು ಮುಚ್ಚಿಕೊಂಡೇ ಕೇಳಿದ: "ಹಿಂದಿಂದ ಎತ್ಕೊಟ್ರಲ್ಲ, ಯಾರ್ಲಾ ಅವ್ರು? ನಿನ್ ಕಡೆ ಎಲ್ಲಾದ್ರೂ ಕುಂತಿದ್ರಾ?"

"ಗೊತ್ತಾಗ್ಲಿಲ್ಲ ಚಿಕ್ಕಪ್ಪ" ಅಂದೆ.