ಲಂಡನ್ ನಗರದಲ್ಲಿ ವಾಹನವೂ ಸಾರಥಿಯೂ

ಸಮುದ್ರದಾಚೆಯ ನಾಡುಗಳಿಗೆ ಉದ್ಯೋಗಕ್ಕೆಂದು ತೆರಳಿದ ನಮ್ಮ ಮಕ್ಕಳು ತಂದೆತಾಯಿಗಳನ್ನು ಒಮ್ಮೆಯಾದರೂ ಅಲ್ಲಿಗೆ ಕರೆಯಿಸಿಕೊಳ್ಳುವುದು ಈಗ ಅನೇಕ ಮನೆಗಳ ಸಂತೋಷದ ಸಂಗತಿಯಾಗಿದೆ. ಲಂಡನ್ನಿಗೆ ಹೋಗುವ ಹಿರಿಯರ ಮನಸ್ಸಿನಲ್ಲಿ ಇನ್ನೊಂದು ಹಂಬಲವೂ ಇರುತ್ತದೆ. ಥೇಮ್ಸ್ ನದಿಯ ದಡದಲ್ಲಿ, ಲ್ಯಾಂಬೆತ್ ಪ್ರದೇಶದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಉದ್ಯಾನದಲ್ಲಿ 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದ ಬಸವೇಶ್ವರರ ಪ್ರತಿಮೆಯನ್ನು ಕಣ್ಣಾರೆ ಕಾಣಬೇಕೆಂಬುದೇ ಅದು. ಅಂತಹ ಒಂದು ಕುಟುಂಬದೊಡನೆ ನಾವೂ ಆ ನಗರವನ್ನು ನೋಡಿಬಂದೆವು. ಅಲ್ಲಿ ವೃದ್ಧರನ್ನು ಕರೆದುಕೊಂಡು ತಿರುಗಾಡಲು ಎಂತಹ ವಾಹನ ತಕ್ಕದ್ದು ಎಂಬ ವಿಷಯದಲ್ಲಿ ನಮಗೆ ತಿಳಿದುಬಂದುದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಲಂಡನ್ನಿನಲ್ಲಿ ಚಾಲಕಸಹಿತ ಬಾಡಿಗೆ ವಾಹನಗಳು ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಲೋಕಪ್ರಸಿದ್ಧವಾದ ಕಪ್ಪು ಟ್ಯಾಕ್ಸಿ. ಬೀದಿಯಲ್ಲಿ ಕೈ ತೋರಿಸಿ ನಿಲ್ಲಿಸುವ ಹಕ್ಕು ಇದೊಂದಕ್ಕೇ ಉಂಟು. ನಗರದಾದ್ಯಂತ ಓಡಿಸುವ ಪರವಾನಗಿ ಬಯಸುವ ಇದರ ಚಾಲಕನು 'ನಾಲೆಡ್ಜ್' ಎಂಬ ಕಠಿಣ ಪರೀಕ್ಷೆಯನ್ನು ದಾಟಬೇಕು. 1865ರಿಂದ ನಡೆದುಬಂದಿರುವ ಈ ಪರೀಕ್ಷೆಗಾಗಿ ಚೇರಿಂಗ್ ಕ್ರಾಸ್ ಎಂಬಲ್ಲಿಂದ ಸುತ್ತಲೂ ಆರು ಮೈಲಿಗಳೊಳಗಿನ ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಬೇಕಾಗುತ್ತದೆ. ಅದಕ್ಕೆ ಮೂರು ನಾಲ್ಕು ವರ್ಷಗಳೇ ಹಿಡಿಯುವುದುಂಟು. ಗುರುಕುಲದಲ್ಲಿ ಕುಳಿತು ಗ್ರಂಥಗಳನ್ನು ಕಂಠಸ್ಥ ಮಾಡಿದ ನಮಗೆ ಈ ಸಂಗತಿಯನ್ನು ಕೇಳಿ ಆ ಚಾಲಕರಲ್ಲಿ ವಿಶೇಷ ಗೌರವವುಂಟಾಯಿತು.

ಎರಡನೆಯದು ಮುಂಗಡವಾಗಿ ಗೊತ್ತುಮಾಡಬೇಕಾದ ಖಾಸಗಿ ಬಾಡಿಗೆ ಕಾರು. ಸಾಮಾನ್ಯ ಕಾರಿನಿಂದ ಹಿಡಿದು ರೋಲ್ಸ್ ರಾಯ್ಸ್, ಲಿಮೋಸಿನ್‌ಗಳವರೆಗೆ ಎಲ್ಲವೂ ಇದರಲ್ಲಿ ಸೇರುತ್ತವೆ. 1998ರ ಕಾಯಿದೆಯ ಮೇರೆಗೆ ಲಂಡನ್ನಿನಲ್ಲಿ ಸಂಸ್ಥೆಗೂ ವಾಹನಕ್ಕೂ ಚಾಲಕನಿಗೂ ಪ್ರತ್ಯೇಕ ಪರವಾನಗಿ ಬೇಕು. ಮುಂಗಡವಾಗಿ ಗೊತ್ತುಮಾಡದೆ ಇಂತಹ ಕಾರನ್ನು ಹತ್ತಿದರೆ ವಿಮೆಯ ರಕ್ಷಣೆಯೂ ಇರುವುದಿಲ್ಲ. ಆದುದರಿಂದ ವಿಮಾನ ನಿಲ್ದಾಣದಲ್ಲಿ ಯಾರಾದರೂ ತಾವಾಗಿ ಬಂದು, 'ಕಾರು ಬೇಕೆ?' ಎಂದು ಪೆಟ್ಟಿಗೆಗೆ ಕೈ ಹಾಕಿದರೆ ಹಿರಿಯರು ಸಂಕೋಚಪಡದೆ ಬೇಡವೆನ್ನಬೇಕು.

ಲಿಮೋಸಿನ್ ಎಂಬ ಹೆಸರು ಫ್ರಾನ್ಸಿನ ಲಿಮೋಸಾನ್ ಪ್ರಾಂತದಿಂದ ಬಂದುದು. ಶೋಫರ್ ಎಂಬುದೂ ಫ್ರೆಂಚ್ ಪದವೇ. ಬೆಂಕಿ ಹಾಕಿ ಯಂತ್ರವನ್ನು ಕಾಯಿಸುವವನು ಎಂಬುದು ಅದರ ಮೂಲಾರ್ಥ. ಉಗಿಯಂತ್ರದ ಮುಂದೆ ಬೆವರು ಸುರಿಸಿದ ದುಡಿಮೆಗಾರನ ಹೆಸರು ಇಂದು ಕೋಟು, ಟೈ ಧರಿಸಿದ ಸಾರಥಿಗೆ ಉಳಿದುಬಂದಿದೆ. ಹೆಸರು ಎಷ್ಟೇ ಬೆಡಗಿನದಾದರೂ ಅದರ ಬೇರು ಕಾಯಕದಲ್ಲಿಯೇ ಇದೆ.

ನಮ್ಮೊಡನೆ ಇದ್ದವರು ಧಾರವಾಡದ ಕಡೆಯ ನಿವೃತ್ತ ಶಿಕ್ಷಕರು, ಅವರ ಪತ್ನಿ, ಲಂಡನ್ನಿನಲ್ಲಿರುವ ಮಗ, ಸೊಸೆ ಮತ್ತು ಐದು ವರ್ಷದ ಮೊಮ್ಮಗ. ಪ್ರತಿಮೆಯ ದರ್ಶನಕ್ಕೆ ಉದ್ದನೆಯ ಲಿಮೋಸಿನ್ ಒಂದನ್ನು ತರಿಸಬೇಕೆಂಬುದು ಮಗನ ಇಚ್ಛೆಯಾಗಿತ್ತು. "ಅಪ್ಪಾಜಿ ಇಡೀ ಜೀವಮಾನ ಬಸ್ಸಿನ್ಯಾಗ ನಿಂತು ಅಡ್ಡಾಡಿ ನಮ್ಮನ್ನ ಓದಿಸ್ಯಾರ. ಒಂದು ದಿನಾರ ರಾಜರಗತೆ ಕೂಡ್ರಲಿ" ಎಂದರು. ಮಾತಿನಲ್ಲಿ ಆಡಂಬರವಿರಲಿಲ್ಲ, ತೀರದ ಋಣದ ನೋವಿತ್ತು. ಶಿಕ್ಷಕರು ಮಾತನಾಡಲಿಲ್ಲ. ಎರಡೂ ಮೊಣಕಾಲು ನೋವಿನಿಂದ ಬಳಲುತ್ತಿದ್ದ ತಾಯಿ ಮಾತ್ರ, "ಉದ್ದ ಇದ್ದರೇನಪಾ, ನನಗ ಕೂತು ಏಳಾಕ ಬರೂವಂಗ ಇರಬೇಕು" ಎಂದರು.

ಈ ಒಂದು ಮಾತಿನಲ್ಲಿ ವಾಹನದ ಆಯ್ಕೆಯ ಸೂತ್ರವೆಲ್ಲ ಅಡಗಿದೆಯೆಂದು ನಮಗೆ ತೋರಿತು. ಉದ್ದನೆಯ ಲಿಮೋಸಿನ್ನಿನಲ್ಲಿ ಆಸನಗಳು ಹೆಚ್ಚಾಗಿ ಬದಿಗೆ ಹೊಂದಿಕೊಂಡಿರುತ್ತವೆ; ಬಾಗಿ ಒಳಹೊಕ್ಕು, ಸರಿಯುತ್ತ ಸಾಗಿ, ಅಡ್ಡಲಾಗಿ ಕುಳಿತುಕೊಳ್ಳಬೇಕು. ಮರ್ಸಿಡಿಸ್ ಎಸ್-ಕ್ಲಾಸ್‌ನಂತಹ ಕಾರು ಇಬ್ಬರು ಮೂವರಿಗೆ ಅತ್ಯಂತ ಸುಖಕರ. ಆದರೆ ಅದರ ಆಸನ ತಗ್ಗು. ಆರು ಜನರಿಗೆ ಅಲ್ಲಿ ಸ್ಥಳವೂ ಇಲ್ಲ. ರೋಲ್ಸ್ ರಾಯ್ಸ್ ಫ್ಯಾಂಟಮ್ ಮದುವೆಯ ದಿಬ್ಬಣಕ್ಕೆ ಶೋಭಿಸುತ್ತದೆಯಾದರೂ ಅದೂ ನಾಲ್ಕೈದು ಜನರ ವಾಹನವೇ. ಅದೇ ಮರ್ಸಿಡಿಸ್ ಕಂಪನಿಯ ವಿ-ಕ್ಲಾಸ್ ಎಂಬ ಎತ್ತರದ ವಾಹನದಲ್ಲಿ ಸರಿಯುವ ಬಾಗಿಲು, ಮೇಲ್ಮಟ್ಟದ ಆಸನ, ಆರೇಳು ಜನರಿಗೆ ಅವಕಾಶ ಎಲ್ಲವೂ ಉಂಟು. ಆಸನಗಳೆಲ್ಲ ತುಂಬಿದರೆ ಪೆಟ್ಟಿಗೆಗಳಿಗೆ ಸ್ಥಳ ಕಡಿಮೆಯಾಗುವುದೆಂಬುದನ್ನು ಮಾತ್ರ ನೆನಪಿಡಬೇಕು. ಗಾಲಿಕುರ್ಚಿಯನ್ನು ಬಳಸುವವರಿಗೆ ಕಪ್ಪು ಟ್ಯಾಕ್ಸಿಯೇ ಲೇಸು. ಅವೆಲ್ಲವುಗಳಲ್ಲಿಯೂ ಕುರ್ಚಿಸಹಿತ ಏರುವ ಸೌಕರ್ಯವಿದೆ. ನಮ್ಮ ತಂಡಕ್ಕೆ ವಿ-ಕ್ಲಾಸ್ ವಾಹನವೇ ನಿಶ್ಚಯವಾಯಿತು. ಮಗನ ಮುಖ ತುಸು ಬಾಡಿತು.

ಮರುದಿನ ಬೆಳಿಗ್ಗೆ ಬಂದ ಚಾಲಕರು ಸಿಲ್ಹೆಟ್ ಮೂಲದ ಮಧ್ಯವಯಸ್ಕರು. ಕೊರಳಲ್ಲಿ ಭಾವಚಿತ್ರವಿದ್ದ ಪರವಾನಗಿಯ ಬಿಲ್ಲೆ, ವಾಹನದ ಗಾಜಿನ ಮೇಲೆ ಪರವಾನಗಿಯ ಗುರುತು ಇದ್ದವು. ತಾಯಿಯವರ ನಡಿಗೆಯನ್ನು ಕಂಡೊಡನೆ ಅವರು ಪುಟ್ಟ ಮೆಟ್ಟಿಲೊಂದನ್ನು ತಂದಿರಿಸಿ, ಅವರು ಕುಳಿತು ಸೀರೆಯ ನೆರಿಗೆ ಸರಿಪಡಿಸಿಕೊಳ್ಳುವವರೆಗೂ ಬಾಗಿಲೆಳೆಯದೆ ಕಾದರು. ಬಳಿಕ ಎಲ್ಲರೂ ಪಟ್ಟಿ ಬಿಗಿದುಕೊಂಡ ಮೇಲೆಯೇ ವಾಹನ ಹೊರಟಿತು. ಮಗುವಿನ ಆಸನವನ್ನು ಮೊದಲೇ ಕೇಳಿ ತರಿಸಿದ್ದುದು ಅನುಕೂಲವಾಯಿತು.

ಪಶ್ಚಿಮದಿಂದ ನಗರದೊಳಕ್ಕೆ ಬರುವ ಕ್ರಾಮ್‌ವೆಲ್ ರಸ್ತೆಯಲ್ಲಿ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನ ಭವ್ಯ ಕಟ್ಟಡವನ್ನು ನೋಡುತ್ತ, ಸಂಸತ್ ಭವನವನ್ನು ಹಾದು, ಲ್ಯಾಂಬೆತ್ ಸೇತುವೆಯನ್ನು ದಾಟಿದೆವು. ಸೇತುವೆಯ ತುದಿಯಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪರ ಪುರಾತನ ನಿವಾಸವಿದೆ. ಅಲ್ಲಿಂದ ಸ್ವಲ್ಪ ದೂರದಲ್ಲಿಯೇ ಪ್ರತಿಮೆ. ಲಂಡನ್ನಿನಲ್ಲಿ ಅಂಚಿಗೆ ಜೋಡಿ ಕೆಂಪು ಗೆರೆ ಎಳೆದ ರಸ್ತೆಗಳಲ್ಲಿ ವಾಹನ ನಿಲ್ಲಿಸಿಕೊಂಡು ಕಾಯುವಂತಿಲ್ಲ. ಚಾಲಕರು ನಮ್ಮನ್ನು ತಕ್ಕ ಸ್ಥಳದಲ್ಲಿ ಇಳಿಸಿ, ಫೋನ್ ಮಾಡಿದರೆ ಬರುವುದಾಗಿ ಹೇಳಿ ಹೋದರು.

ತಾಯಿಯವರು ಯಾರ ತೋಳನ್ನೂ ಹಿಡಿಯದೆ ಪ್ರತಿಮೆಯವರೆಗೆ ನಡೆದರು. ಲ್ಯಾಂಬೆತ್ತಿನ ಮಾಜಿ ಮೇಯರ್, ಕಲಬುರಗಿ ಮೂಲದ ನೀರಜ್ ಪಾಟೀಲರ ಪ್ರಯತ್ನದಿಂದ ಅಲ್ಲಿ ನೆಲೆಗೊಂಡ ಆ ಮೂರ್ತಿಯೆದುರು ಕೈಮುಗಿದು ಬಹಳ ಹೊತ್ತು ನಿಂತರು. ನದಿಯ ಆಚೆ ದಡದಲ್ಲಿ ಸಂಸತ್ತಿನ ಗೋಪುರಗಳು ಕಾಣುತ್ತಿದ್ದವು. ಮಗನು ಒಂದು ಕ್ಷಣ ತಾಯಿಯ ಕಾಲುಗಳನ್ನೇ ನೋಡಿ, ನಮ್ಮತ್ತ ತಿರುಗಿ, "ನೀವು ಹೇಳಿದ್ದು ಖರೆ ಆತರಿ" ಎಂದರು. ಹೇಳಿದವರು ನಾವಲ್ಲ, ತಾಯಿ ಎಂದೆವು. ಮರಳುವಾಗ ಶಿಕ್ಷಕರು ಮನೆಯಿಂದ ಕಟ್ಟಿಸಿ ತಂದಿದ್ದ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ಮೊದಲ ಪಾಲನ್ನು ಚಾಲಕರಿಗೇ ಕೊಟ್ಟರು.

ಇಂತಹ ವಾಹನವನ್ನು ಗೊತ್ತುಮಾಡುವಾಗ ಬಾಡಿಗೆಯು ದೂರಕ್ಕೋ ಗಂಟೆಗೋ, ಕಾಯುವ ಹೊತ್ತಿಗೆ ಪ್ರತ್ಯೇಕ ಹಣವುಂಟೋ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ನಗರದ ಮಧ್ಯಭಾಗಕ್ಕೆ ಬರುವ ವಾಹನಗಳ ಮೇಲೆ 2003ರಿಂದ ದಟ್ಟಣೆಯ ಶುಲ್ಕವಿದೆ. ಬಹುತೇಕ ಖಾಸಗಿ ಬಾಡಿಗೆ ಕಾರುಗಳಿಗಿದ್ದ ವಿನಾಯಿತಿಯೂ 2019ರಲ್ಲಿ ಹೋಯಿತು. ಅದು ಬಾಡಿಗೆಯಲ್ಲಿ ಸೇರಿದೆಯೇ ಎಂಬುದನ್ನೂ ವಿಚಾರಿಸಬೇಕು. ಎಷ್ಟು ಜನ, ಎಷ್ಟು ಪೆಟ್ಟಿಗೆ, ಯಾರ ಕಾಲಿಗೆ ನೋವು ಎಂಬುದನ್ನು ಸಂಸ್ಥೆಯವರಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಹಿರಿಯರನ್ನು ಗೌರವಿಸಬಯಸುವ ಮಕ್ಕಳು ಕಾರಿನ ಹೆಸರನ್ನು ಆರಿಸುವ ಮೊದಲು, ಅದರಲ್ಲಿ ಹತ್ತಿ ಇಳಿಯುವವರನ್ನು ಒಂದು ಮಾತು ಕೇಳಲಿ.