ಬಂದವರು ಕಂಡ ನಾವು

ಪರದೇಶದವರು ನಮ್ಮ ಕುರಿತು ಬರೆದುದನ್ನು ಓದುವಾಗ ಕುತೂಹಲದೊಡನೆ ಸಣ್ಣದೊಂದು ಅಳುಕೂ ಮೂಡುತ್ತದೆ. ಸಕಲೇಶಪುರ, ಆಲೂರು ಸೀಮೆಯವರಾದ ನಾವು ಇಂಥ ಬರಹಗಳಿಗೆ ಹೊಸಬರಲ್ಲ.

1850ರ ದಶಕದಲ್ಲಿ ರಾಬರ್ಟ್ ಎಲಿಯಟ್ ಎಂಬ ಸ್ಕಾಟ್ಲೆಂಡಿನವರು ಮಂಜರಾಬಾದಿಗೆ, ಎಂದರೆ ಇಂದಿನ ಸಕಲೇಶಪುರ ಸೀಮೆಗೆ ಬಂದು ಕಾಫಿ ತೋಟ ಮಾಡಿದರು. ಅವರ ಅನುಭವಗಳು 1871ರಲ್ಲಿ, ಬಳಿಕ 1894ರಲ್ಲಿ ಪುಸ್ತಕಗಳಾದವು. ಎರಡನೆಯ ಪುಸ್ತಕದ ಹೆಸರಿನಲ್ಲಿ ಚಿನ್ನವಿದೆ, ಬೇಟೆಯಿದೆ, ಕಾಫಿಯಿದೆ, ಮನುಷ್ಯರಿಲ್ಲ. ಒಳಗೆ ಜಾತಿಯ ಮೇಲೊಂದು ಅಧ್ಯಾಯವೇ ಉಂಟು. ಅಲ್ಲಿ ಎಲಿಯಟ್ ಅವರು ಹಳ್ಳಿಗಾಡಿನ ಜನರಿಗೆ ಜಾತಿಯಿಂದ ಒಳಿತೇ ಆಗಿದೆಯೆಂದು ವಾದಿಸುತ್ತಾರೆ. ಅದನ್ನು ಓದುವಾಗಲೆಲ್ಲ ನನಗೊಂದು ಪ್ರಶ್ನೆ ಎದುರಾಗುತ್ತದೆ: ಆ ತೋಟದಲ್ಲಿ ಹಣ್ಣು ಕೊಯ್ದ ಹೆಂಗಸಿಗೆ ಜಾತಿ ಏನು ಮಾಡಿತ್ತು? ಅದನ್ನು ಹೇಳಬೇಕಾದವಳು ಅವಳೇ. ಆದರೆ ಅವಳ ಕೈಯಲ್ಲಿ ಲೇಖನಿಯಿರಲಿಲ್ಲ.

ಅವರಿಗಿಂತ ಮುಂಚೆ ಫ್ರೆಂಚ್ ಗುರುಗಳಾದ ಅಬ್ಬೆ ದ್ಯುಬುವಾ ಅವರು ಮೈಸೂರು ಸೀಮೆಯಲ್ಲಿ ಬಾಳಿದರು. 1792ರಲ್ಲಿ ಭಾರತಕ್ಕೆ ಬಂದು 1823ರಲ್ಲಿ ಹಿಂದಿರುಗುವವರೆಗೆ ಇಲ್ಲಿಯವರ ಉಡುಗೆ ತೊಟ್ಟು, ಇಲ್ಲಿಯವರ ಊಟ ಉಂಡರು. ಸಿಡುಬಿನ ವಿರುದ್ಧ ಸಾವಿರಾರು ಜನರಿಗೆ ದೇವಿ ಹಾಕಿಸಿದರು. ಹಾಸನದ ಬಳಿ ರೈತರಿಗೊಂದು ನೆಲೆ ಕಲ್ಪಿಸಿದರು. ಜನರು ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆದರು. ಆದರೆ 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಅವರ ಪ್ರಖ್ಯಾತ ಗ್ರಂಥದಲ್ಲಿ ಬ್ರಾಹ್ಮಣರ ಆಚಾರಗಳದ್ದೇ ದೊಡ್ಡ ಪಾಲು. ಅದರ ಬಹುಭಾಗ ಕೇರ್ದೂ ಎಂಬ ಜೆಸ್ವಿತ್ ಗುರುಗಳ ಹಳೆಯ ಹಸ್ತಪ್ರತಿಯಿಂದ ಬಂದುದೆಂದು 1987ರಲ್ಲಿ ವಿದ್ವಾಂಸರಾದ ಸಿಲ್ವಿಯಾ ಮೂರ್ ತೋರಿಸಿಕೊಟ್ಟರು. ಮೂರು ದಶಕ ನಮ್ಮೊಡನೆ ಉಂಡವರೂ ಬರೆಯಲು ಕುಳಿತಾಗ ಬೇರೆಯವರ ಕಾಗದದ ಮೊರೆಹೊಕ್ಕರು!

ಓದುಗರೇ, ಅವರನ್ನು ದೂರಿ ಪುಸ್ತಕ ಮುಚ್ಚಿಡುವುದು ಸುಲಭ. ಆದರೆ ಇಂದು ನಮ್ಮ ತೋಟಗಳ ಲೈನ್ ಮನೆಗಳಿಗೆ ಅಸ್ಸಾಂ, ಜಾರ್ಖಂಡ್, ಬಂಗಾಳದಿಂದ ಕುಟುಂಬಗಳು ಬಂದಿವೆ. ನಮ್ಮ ಬಾಯಲ್ಲಿ ಅವರೆಲ್ಲರೂ 'ಅಸ್ಸಾಮಿನವರು'. ಅವರು ಹೇಗಿರುತ್ತಾರೆ, ಏನು ತಿನ್ನುತ್ತಾರೆ ಎಂದು ಊಟದ ಹೊತ್ತಿನಲ್ಲಿ ನಾವಾಡುವ ಮಾತೂ ಒಂದು ಪ್ರವಾಸ ಕಥನವೇ. ನಮ್ಮ ಮಕ್ಕಳು ಅದನ್ನು ನಿಜವೆಂದು ನಂಬಿ ಬೆಳೆಯುತ್ತಾರೆ. ಲೈನ್ ಮನೆಯ ಆ ತಾಯಿಯ ಹೆಸರೇನು, ಅವಳ ಊರು ಯಾವುದು? ಬರೆಯುವ ಮುನ್ನ, ಆಡುವ ಮುನ್ನ, ತಾವು ಅವಳನ್ನೇ ಒಮ್ಮೆ ಕೇಳಿ ನೋಡಿ.